ಬುಧವಾರ ಮಧ್ಯಾಹ್ನ ಮೂರು ಗಂಟೆ

ವಾರಿಜಾ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ, ಅದನ್ನು ಕಣ್ಣಿಗೆ ಹಿಡಿದು, ಊಟದ ಮೇಜಿನ ಆಚೆಯಿಂದ ನನ್ನನ್ನು ನೋಡಿದಳು. ಉಂಗುರವನ್ನು ಹಿಗ್ಗಿಸಿದಳು, ಕುಗ್ಗಿಸಿದಳು, ಮತ್ತೆ ಹಿಗ್ಗಿಸಿದಳು. ಅದರೊಳಗೆ ಅವಳ ಕಣ್ಣು ನಗುತ್ತಿತ್ತು.

“ಅಪರ್ಚರ್ ಅಂದ್ರೆ ಇದೇ ಕಣ್ರೀ. ಲೆನ್ಸಿನ ಒಳಗಿರೋ ಕಿಂಡಿ. ದೊಡ್ಡದು ಮಾಡಿದ್ರೆ ಬೆಳಕು ಜಾಸ್ತಿ ಬರುತ್ತೆ, ಚಿಕ್ಕದು ಮಾಡಿದ್ರೆ ಕಮ್ಮಿ. ನಮ್ಮ ಕಣ್ಣಿನ ಪಾಪೆ ಇಲ್ವಾ, ಹಾಗೆ. ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿಕೊಟ್ರು ಗೊತ್ತಾ?”

“ಸಾರಿಗೆ ಉಪ್ಪು ಕಮ್ಮಿಯಾಗಿದೆ,” ಅಂದೆ ನಾನು.

ಅವಳು ಕೈ ಇಳಿಸಿದಳು. ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಅದೊಂದು ಭಾನುವಾರ. ಊಟ ಮುಗಿಸಿ ನಾನು ಎಂದಿನಂತೆ ಹೋಗಿ ಮಲಗಿದೆ. ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಕಮ್ಮಿ ಎಂದು ಯಾಕೆ ಹೇಳಿದೆ ಎನ್ನುವುದು ಆಗ ನನಗೇ ಸ್ಪಷ್ಟವಿರಲಿಲ್ಲ. ‘ಮೇಷ್ಟ್ರು’ ಎಂಬ ಮಾತು ಆ ಊಟದ ಹೊತ್ತಿನಲ್ಲಿ ನಾಲ್ಕನೆಯ ಸಲ ಬಂದಿತ್ತು. ನಾನು ಎಣಿಸುತ್ತಿದ್ದೆ.

ಎಣಿಸುವುದು, ಅಳೆಯುವುದು, ಅನುಮಾನಿಸುವುದು ನನ್ನ ವೃತ್ತಿಯಾಗಿತ್ತು. ನಾನಾಗ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ದಿನಸಿ ಅಂಗಡಿಯ ತಕ್ಕಡಿ, ಬಟ್ಟೆ ಅಂಗಡಿಯ ಮೀಟರ್ ಕೋಲು, ಪೆಟ್ರೋಲ್ ಬಂಕಿನ ಪಂಪು, ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಇಲ್ಲಿ ಮೋಸವಿದೆ ಎಂದು ಮೊದಲು ನಂಬಿಕೊಂಡು, ಆಮೇಲೆ ಅದನ್ನು ಹುಡುಕುತ್ತಿದ್ದೆ. ಹುಡುಕಿದರೆ ಬಹಳ ಸಲ ಸಿಗುತ್ತಿತ್ತು ಕೂಡ. ತಟ್ಟೆಯ ಅಡಿಗೆ ಅಂಟಿಸಿದ ಹುಣಸೆಹಣ್ಣು, ಒಳಗೆ ಕೊರೆದು ಹಗುರ ಮಾಡಿದ ತೂಕದ ಕಲ್ಲು. ಊರಿನ ವ್ಯಾಪಾರಿಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಅದನ್ನು ನಾನು ಗೌರವ ಎಂದುಕೊಂಡಿದ್ದೆ.

ನಮಗೆ ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅದರ ದುಃಖವನ್ನು ನಾವಿಬ್ಬರೂ ಬೇರೆ ಬೇರೆ ಮೂಲೆಗಳಲ್ಲಿ ಕೂತು ಎಂದೋ ಮುಗಿಸಿಕೊಂಡಿದ್ದೆವು. ಆ ವರ್ಷ ವಾರಿಜಾಳ ತಮ್ಮ ಹೊಸ ಕ್ಯಾಮೆರಾ ಕೊಂಡು, ತನ್ನ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಅಕ್ಕನಿಗೆ ಕೊಟ್ಟುಹೋದ. ಅದು ಆರು ತಿಂಗಳು ಬ್ಯಾಟರಿ ಬೇರೆ, ತಾನು ಬೇರೆಯಾಗಿ ಬೀರುವಿನಲ್ಲಿ ಬಿದ್ದಿತ್ತು. ಆಮೇಲೆ ಒಂದು ದಿನ ಲೈಬ್ರರಿಯ ಬಾಗಿಲಿಗೆ ಚೀಟಿ ಅಂಟಿಸಿದ್ದರಂತೆ: ಡಿಜಿಟಲ್ ಕ್ಯಾಮೆರಾ ಇರುವವರಿಗೆ ಛಾಯಾಗ್ರಹಣದ ತರಗತಿ, ಬುಧವಾರ ಮತ್ತು ಶನಿವಾರ, ಸಂಜೆ ನಾಲ್ಕರಿಂದ ಆರು. ಬುಧವಾರ ಲೈಬ್ರರಿಯ ಮಹಡಿಯಲ್ಲಿ ಪಾಠ, ಶನಿವಾರ ಕೆರೆಯ ಏರಿಯ ಮೇಲೆ ಅಭ್ಯಾಸ.

“ಹೋಗ್ಲಾ?” ಎಂದು ಕೇಳಿದಳು.

“ಹೋಗು,” ಅಂದೆ. ಎರಡು ವಾರ ಹೋಗಿ ಬಿಡುತ್ತಾಳೆ ಎಂದು ನನ್ನ ಲೆಕ್ಕ.

ಅವಳು ಬಿಡಲಿಲ್ಲ. ಬಿಡದಿರುವುದಿರಲಿ, ಮನೆಯೊಳಗೇ ಬೇರೊಬ್ಬ ಹೆಂಗಸು ಓಡಾಡುತ್ತಿದ್ದಾಳೆ ಎನ್ನಿಸುವ ಹಾಗಾದಳು. ಅನ್ನ ಬಸಿಯುತ್ತಾ ಆವಿಯ ಮೇಲೆ ಬಿದ್ದ ಬಿಸಿಲನ್ನು ನೋಡುತ್ತಾ ನಿಂತುಬಿಡುತ್ತಿದ್ದಳು. ದಾರಿಯಲ್ಲಿ ಹೋಗುವಾಗ ಹಿಂದೆ ಉಳಿದಳೆಂದು ತಿರುಗಿದರೆ, ಯಾವುದೋ ಗೋಡೆಯ ನೆರಳಿನ ಎದುರು ತಲೆ ವಾರೆ ಮಾಡಿಕೊಂಡು ನಿಂತಿರುತ್ತಿದ್ದಳು. ಯಾರು ಕಲಿಸಿದರು ಇದನ್ನೆಲ್ಲ? ಹತ್ತೊಂಬತ್ತು ವರ್ಷ ಆ ಗೋಡೆಗಳ ಮುಂದೆಯೇ ನನ್ನ ಜೊತೆ ನಡೆದಿದ್ದಳು. ಒಂದು ದಿನವೂ ನಿಂತಿರಲಿಲ್ಲ.

ಮೇಷ್ಟ್ರ ಹೆಸರು ಧರಣೇಂದ್ರ. ದೊಡ್ಡ ಊರೊಂದರ ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದು, ಕೆಲಸ ಬಿಟ್ಟು ನಮ್ಮ ಊರಿಗೆ ಬಂದವನು. ಒಂಟಿ. ನನಗಿಂತ ಎರಡು ವರ್ಷ ದೊಡ್ಡವನೆಂದು ಆಮೇಲೆ ತಿಳಿಯಿತು. ನೋಡಿದರೆ ಹತ್ತು ವರ್ಷ ಚಿಕ್ಕವನಂತಿದ್ದ. ಕಾಲರ್ ಮುಚ್ಚುವಷ್ಟು ಕೂದಲು ಬಿಟ್ಟಿದ್ದ. ಮೆಲ್ಲಗೆ ಮಾತಾಡುತ್ತಿದ್ದ. ಮೆಲ್ಲಗೆ ಮಾತಾಡುವ ವ್ಯಾಪಾರಿಗಳ ತಕ್ಕಡಿಯನ್ನು ನಾನು ಎರಡು ಸಲ ಪರೀಕ್ಷಿಸುತ್ತಿದ್ದೆ.

ಒಂದು ಶನಿವಾರ ಪೆಟ್ರೋಲ್ ಬಂಕಿನ ಕೆಲಸ ಬೇಗ ಮುಗಿದು, ಕೆರೆಯ ದಾರಿಯಲ್ಲಿ ಬಂದೆ. ಏರಿಯ ಮೇಲೆ ಏಳೆಂಟು ಜನ ಚದುರಿ ನಿಂತಿದ್ದರು. ವಾರಿಜಾ ನೀರಿನ ಕಡೆ ಬೆನ್ನು ಮಾಡಿ ನಿಂತಿದ್ದಳು. ಅವಳ ಎದುರಿಗೆ ಅವನು. ಏನೋ ಕೇಳಿದ. ಅವಳು ಕ್ಯಾಮೆರಾವನ್ನು ಕೊರಳಿಗೆ ಬಿಟ್ಟು, ಬೆರಳುಗಳನ್ನು ಸೇರಿಸಿ ಅದೇ ಉಂಗುರ ಮಾಡಿ, ಅದರೊಳಗಿಂದ ಅವನನ್ನು ನೋಡಿದಳು. ಹಿಗ್ಗಿಸಿದಳು, ಕುಗ್ಗಿಸಿದಳು. ಅವನು ನಕ್ಕ. ಅವಳೂ ನಕ್ಕಳು. ಅವನು ಉಪ್ಪಿನ ಮಾತೆತ್ತಿರಲಿಲ್ಲ.

ನಾನು ಬೈಕು ತಿರುಗಿಸಿಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋದೆ. ಎದೆಯಲ್ಲಿ ಏನೋ ಕೂತಿತು. ಅದು ಅನೇಕ ವಾರ ಅಲ್ಲೇ ಇತ್ತು.

ಗುರುವಾರ ಮತ್ತು ಭಾನುವಾರದ ಬೆಳಿಗ್ಗೆ ವಾರಿಜಾ ತರಕಾರಿಗೆ ಹೋಗುತ್ತಿದ್ದಳು. ಮುಕ್ಕಾಲು ಗಂಟೆ ಮನೆ ಖಾಲಿ. ಅಂಥ ಒಂದು ಬೆಳಿಗ್ಗೆ ನಾನು ಬೀರು ತೆರೆದೆ. ಮೊದಲು ಸಿಕ್ಕಿದ್ದು ಅವಳ ನೋಟ್‌ಬುಕ್ಕು. ದುಂಡು ಅಕ್ಷರದಲ್ಲಿ ಶಾಲೆಯ ಹುಡುಗಿಯ ಹಾಗೆ ಬರೆದಿದ್ದಳು.

‘ಎಕ್ಸ್‌ಪೋಷರ್ ಅಂದರೆ ಚಿತ್ರಕ್ಕೆ ಸಿಗುವ ಒಟ್ಟು ಬೆಳಕು. ಅದನ್ನು ಮೂರು ಸಂಗತಿ ಸೇರಿ ತೀರ್ಮಾನಿಸುತ್ತವೆ. ಅಪರ್ಚರ್: ಕಿಂಡಿ ಎಷ್ಟು ಅಗಲ. ಶಟರ್ ಸ್ಪೀಡ್: ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ. ಐಎಸ್‌ಒ: ಬಂದ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ. ಒಂದನ್ನು ಇಳಿಸಿದರೆ ಇನ್ನೊಂದನ್ನು ಏರಿಸಿ ಸರಿದೂಗಿಸಬೇಕು. ಸಂಸಾರದ ಹಾಗೆ.’

‘ಸಂಸಾರದ ಹಾಗೆ’ ಎಂಬುದು ಅವಳ ಮಾತೋ ಅವನದೋ? ಆ ಎರಡು ಪದಗಳ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

‘ಎಫ್ ಮುಂದಿನ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು (ಉಲ್ಟಾ! ಮರೆಯಬಾರದು). ಕಿಂಡಿ ದೊಡ್ಡದಾದರೆ ಫೋಕಸ್ ಮಾಡಿದ ಭಾಗ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಕರಗಿಹೋಗುತ್ತದೆ. ಐಎಸ್‌ಒ ಏರಿಸಿದರೆ ಮಬ್ಬಿನಲ್ಲೂ ಚಿತ್ರ ಬರುತ್ತದೆ, ಆದರೆ ರವೆ ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತದೆ. ಶಟರ್ ಅರವತ್ತರಲ್ಲಿ ಒಂದು ಸೆಕೆಂಡಿಗಿಂತ ನಿಧಾನವಾದರೆ ಉಸಿರು ಬಿಗಿಹಿಡಿಯಬೇಕು. ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ.’

ಅವಳು ಊಟದ ಮೇಜಿನ ಮೇಲೆ ಪ್ರೀತಿಯಿಂದ ಹೇಳಲು ಬಂದಾಗ ಕೇಳದೆ ಹೋದ ಪಾಠವನ್ನು ನಾನು ಕದ್ದು ಓದಿದೆ. ಎರಡು ಗುರುವಾರ, ಎರಡು ಭಾನುವಾರ. ಬಾಯಿಪಾಠ ಬರುವಷ್ಟು. ಕ್ಯಾಮೆರಾದಲ್ಲಿ ಒಂದು ಗುಂಡಿ ಒತ್ತಿದರೆ ಪ್ರತಿ ಚಿತ್ರದ ಕೆಳಗೂ ಅದರ ಜಾತಕ ಬರುತ್ತದೆಂದು ಕಂಡುಕೊಂಡೆ: ತಾರೀಖು, ಗಂಟೆ, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ. ಆಮೇಲೆ ನಾನು ಚಿತ್ರಗಳನ್ನು ನೋಡಲಿಲ್ಲ, ಅಂಕಿಗಳನ್ನು ನೋಡಿದೆ. ಗೋಡೆಯ ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು, ತಪಾಸಣೆಯ ಡೈರಿಯ ಕೊನೆಯ ಹಾಳೆಗಳಲ್ಲಿ ಗುರುತು ಹಾಕಿಕೊಂಡೆ.

ಅಂಕಿಗಳು ಹೇಳಿದ್ದೇ ಬೇರೆ. ಕೆರೆಯ ಚಿತ್ರಗಳು, ಎಫ್ ಎಂಟು, ಇನ್ನೂರೈವತ್ತರಲ್ಲಿ ಒಂದು ಸೆಕೆಂಡು, ಐಎಸ್‌ಒ ನೂರು, ಅಂದರೆ ಬಯಲಿನ ಒಳ್ಳೆಯ ಬಿಸಿಲು. ಆದರೆ ತಾರೀಖು ನೋಡಿದರೆ ಶನಿವಾರವಲ್ಲ, ಮಂಗಳವಾರ. ಮಂಗಳವಾರ ಅವಳು ಕೆರೆಗೆ ಹೋಗಿದ್ದಳೇ? ನನಗೆ ಹೇಳಿರಲಿಲ್ಲ. ಕೆರೆಗೆ ಹೋಗಿದ್ದೆನೆಂದ ಶನಿವಾರಗಳಲ್ಲಿ ಇದ್ದದ್ದು ಕೋಣೆಯೊಳಗಿನ ಚಿತ್ರಗಳು: ಮೇಜು, ಲೋಟ, ಮೋಸಂಬಿ. ಬುಧವಾರ ಪಾಠದಲ್ಲಿದ್ದೆನೆಂದ ಹೊತ್ತಿನಲ್ಲಿ ಒಂದೂ ಚಿತ್ರವಿರಲಿಲ್ಲ. ಹೇಳಿದ ದಿನ ಒಂದು, ಇದ್ದ ಜಾಗ ಇನ್ನೊಂದು. ಅಂಗಡಿಯವನ ಕಳ್ಳಲೆಕ್ಕ ಸಿಕ್ಕಾಗ ಆಗುತ್ತಿದ್ದ ಆ ಹಳೆಯ ಖುಷಿ ನನ್ನ ಬೆನ್ನಲ್ಲಿ ಹರಿಯಿತು. ಮರುಕ್ಷಣವೇ ಡೈರಿ ಮುಚ್ಚಿಟ್ಟೆ.

ಬೀರುವಿನ ಅದೇ ಖಾನೆಯಲ್ಲಿ, ಮೆತ್ತಗಿನ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ಲೆನ್ಸ್ ಸಿಕ್ಕಿತು. ಅದು ಅವಳ ತಮ್ಮ ಕೊಟ್ಟದ್ದಲ್ಲ. ಬಟ್ಟೆಯ ಅಂಚಿನಲ್ಲಿ ಮಸಿಯಿಂದ ‘ಧ’ ಎಂದು ಬರೆದಿತ್ತು.

“ಯಾರದು ಇದು?” ಎಂದು ಕೇಳಬಹುದಿತ್ತು. ಕೇಳಲಿಲ್ಲ. ಸಾಕ್ಷಿ ಪೂರ್ತಿಯಾಗುವ ತನಕ ಅಂಗಡಿಯವನಿಗೆ ಸುಳಿವು ಕೊಡಬಾರದು ಎಂಬುದು ನಮ್ಮ ಪದ್ಧತಿ.

ಸಾಕ್ಷಿ ಒಂದು ಸೋಮವಾರ ಸಿಕ್ಕಿತು. ಸರ್ಕಾರಿ ರಜೆ. ವಾರಿಜಾ ಪೋಸ್ಟಾಫೀಸಿನ ರಮಾಮಣಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದಳು. ಕ್ಯಾಮೆರಾದಲ್ಲಿ ಹೊಸದೊಂದು ಫೋಲ್ಡರ್ ಇತ್ತು. ತೆರೆದೆ. ಕಪ್ಪು ಬಿಳುಪಿನ ಚಿತ್ರಗಳು. ಮೊದಲನೆಯದು ಒಂದು ಹಿಮ್ಮಡಿ, ಬಿಳಿ ಬಟ್ಟೆಯ ಮಡಿಕೆಯಿಂದ ಹೊರಗೆ ಚಾಚಿದ್ದು. ಗಂಡಸಿನದು. ಎರಡನೆಯದು ಬರಿಯ ಭುಜ. ಮೂರನೆಯದು ಕಿವಿಯ ಹಿಂಬದಿ, ಅಲ್ಲಿಂದ ಇಳಿಯುವ ಕೂದಲಿನ ಅಂಚು. ನಾಲ್ಕನೆಯದು ಬೆನ್ನಿನ ಏರು, ಉಸಿರಾಡುವಾಗ ಹಿಡಿದಂತೆ. ಐದನೆಯದು ಕತ್ತಿನ ಹಿಂಭಾಗ. ಕೂದಲು ಮುಗಿಯುವ ಕಡೆ ಬಲಗಡೆಗೆ ಕಡಲೆಬೇಳೆಯಷ್ಟು ಗಾತ್ರದ ಒಂದು ಮಚ್ಚೆ. ಹಿಂದೆ ಯಾವ ಕೋಣೆ, ಯಾವ ಮಂಚ, ಏನೂ ಕಾಣುತ್ತಿರಲಿಲ್ಲ. ಎಲ್ಲ ಹಾಲಿನ ಹಾಗೆ ಕರಗಿತ್ತು.

ಗುಂಡಿ ಒತ್ತಿದೆ. ಎಫ್ ಒಂದು ಪಾಯಿಂಟ್ ಎಂಟು. ಮೂವತ್ತರಲ್ಲಿ ಒಂದು ಸೆಕೆಂಡು. ಐಎಸ್‌ಒ ಎಂಟುನೂರು. ಈ ಭಾಷೆ ನನಗೀಗ ಬರುತ್ತಿತ್ತು. ಅಷ್ಟು ದೊಡ್ಡ ಕಿಂಡಿ ಅವಳ ಲೆನ್ಸಿಗಿಲ್ಲ. ಅದು ಹಳದಿ ಬಟ್ಟೆಯ ಲೆನ್ಸು. ಬಾಗಿಲು ಅಷ್ಟು ಹೊತ್ತು ತೆರೆದಿರಬೇಕಾದರೆ ಅದು ಪರದೆ ಎಳೆದ ಕೋಣೆ. ಮೂವತ್ತರಲ್ಲಿ ಒಂದು ಎಂದರೆ ಅವಳು ಉಸಿರು ಬಿಗಿಹಿಡಿದಿದ್ದಳು. ತಾರೀಖು, ಬುಧವಾರ. ಹೊತ್ತು, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ತರಗತಿಗೆ ಇನ್ನೂ ಐವತ್ತು ನಿಮಿಷವಿರುವಾಗ.

ಮುಂದೆ ಇನ್ನೂ ಇತ್ತೇನೋ. ನೋಡುವ ಧೈರ್ಯವಾಗಲಿಲ್ಲ. ಕ್ಯಾಮೆರಾ ಆರಿಸಿ ಇಟ್ಟೆ.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದಿನ ದಿನ ಬೆಳಿಗ್ಗೆಯೂ ನಾನು ಆ ಕ್ಯಾಮೆರಾ ನೋಡಿದ್ದೆ, ಆಗ ಈ ಫೋಲ್ಡರ್ ಇರಲಿಲ್ಲ. ಬುಧವಾರ ತೆಗೆದ ಚಿತ್ರ ಭಾನುವಾರ ಬೆಳಿಗ್ಗೆ ಇಲ್ಲದೆ ಸೋಮವಾರ ಬಂದದ್ದು ಹೇಗೆಂದು ಒಂದು ಗಳಿಗೆ ತಲೆಯಲ್ಲಿ ಮಿಂಚಿತು. ಅವಸರದಲ್ಲಿ ನಾನೇ ಗಮನಿಸಿರಲಿಕ್ಕಿಲ್ಲ ಎಂದು ಅದನ್ನು ಪಕ್ಕಕ್ಕೆ ತಳ್ಳಿದೆ. ಹೊಟ್ಟೆಕಿಚ್ಚಿನವನಿಗೆ ಅನುಕೂಲವಿಲ್ಲದ ಸಾಕ್ಷಿಗಳು ಹೀಗೆ ಸುಲಭವಾಗಿ ಪಕ್ಕಕ್ಕೆ ಸರಿಯುತ್ತವೆ.

ಆ ಎರಡು ದಿನ ನಾನು ಊರಿನ ಗಂಡಸರ ಕತ್ತುಗಳನ್ನು ನೋಡಿದೆ. ಬಸ್ಸಿಗೆ ಕಾಯುವವರ ಹಿಂದೆ ನಿಂತೆ. ಆಫೀಸಿನಲ್ಲಿ ಕಡತ ಹುಡುಕುವ ನೆವದಲ್ಲಿ ಗುಮಾಸ್ತರ ಬೆನ್ನ ಹಿಂದೆ ಸುಳಿದೆ. ಬೋಳು ಕತ್ತು, ಬೆವರಿದ ಕತ್ತು, ಮಡಿಕೆ ಬಿದ್ದ ಕತ್ತು, ತಾಯತದ ದಾರ ಕಟ್ಟಿದ ಕತ್ತು. ಯಾವುದರಲ್ಲೂ ಮಚ್ಚೆಯಿರಲಿಲ್ಲ. ಉಳಿದದ್ದು ಒಂದೇ ಕತ್ತು. ಅದರ ಮೇಲೆ ಕೂದಲು ಇಳಿಬಿದ್ದಿತ್ತು.

ಬುಧವಾರ ನಾಲ್ಕೂವರೆಗೆ ಲೈಬ್ರರಿಯ ಮಹಡಿ ಹತ್ತಿದೆ. ಎಂಟು ಮಂದಿ ಮೇಜಿನ ಸುತ್ತ ಕೂತಿದ್ದರು. ವಾರಿಜಾ ಕಿಟಕಿಯ ಪಕ್ಕ ಇದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಅದನ್ನು ಹೇಳದಿದ್ದರೆ ಈ ಕತೆ ಸುಳ್ಳಾಗುತ್ತದೆ. ಕೊನೆಗೂ ಪಾಠ ನೋಡಲು ಬಂದೆನೆಂದು ಅವಳು ತಿಳಿದಿದ್ದಳು.

“ಬನ್ನಿ ಸರ್, ಕೂತ್ಕೊಳ್ಳಿ,” ಎಂದ ಧರಣೇಂದ್ರ.

“ಕೂರೋಕೆ ಬಂದಿಲ್ಲ,” ಅಂದೆ. “ಎಫ್ ಒಂದು ಪಾಯಿಂಟ್ ಎಂಟು, ಮೂವತ್ತರಲ್ಲಿ ಒಂದು ಸೆಕೆಂಡು, ಐಎಸ್‌ಒ ಎಂಟುನೂರು. ಬುಧವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಯಾವ ಕೋಣೆ ಅದು? ನಿಮ್ಮ ಮನೇದೋ, ಇಲ್ಲೇ ಇದೆಯೋ?”

ಅವನು ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಏನೋ ಹೊಳೆದ ಹಾಗೆ ಒಂದು ಬೆರಗು, ಕೊನೆಗೆ ಮರುಕ. ಆ ಮರುಕ ನನ್ನನ್ನು ಇನ್ನಷ್ಟು ಕೆರಳಿಸಿತು.

“ಸರ್, ಆ ಚಿತ್ರಗಳು ಯಾರದ್ದು ಅಂದ್ರೆ...”

“ಬೇಡ ಮೇಷ್ಟ್ರೇ,” ಎಂದಳು ವಾರಿಜಾ. ಅವಳ ದನಿ ತೀರಾ ಸಣ್ಣದಾಗಿತ್ತು. “ನೀವು ಹೇಳ್ಬೇಡಿ.”

“ಯಾಕೆ ಹೇಳಬಾರ್ದು? ಹೇಳಲಿ! ಇಲ್ಲಾ ತೋರಿಸಲಿ. ಕತ್ತು ತೋರಿಸಿ ನಿಮ್ಮದು. ತಿರುಗಿ ನಿಂತು, ಕೂದಲೆತ್ತಿ ತೋರಿಸಿ.”

ನನ್ನ ಗಂಟಲಿನಿಂದ ಬಂದ ಆ ಮಾತನ್ನು ಕೆಳಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದವರೂ ಕೇಳಿಸಿಕೊಂಡರಂತೆ. ಧರಣೇಂದ್ರ ವಾರಿಜಾಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದ.

“ತಿರುಗಿ ನಿಂತ್ರೆ ನಿಮಗೆ ಸಮಾಧಾನ ಆಗುತ್ತಾ ಸರ್?”

“ಆಗುತ್ತೆ.”

ಅವನು ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಎಂಟು ಜನ ಶಿಷ್ಯರ ಎದುರಿಗೆ ತಿರುಗಿ ನಿಂತು, ಎರಡೂ ಕೈಯಿಂದ ಕೂದಲನ್ನು ಎತ್ತಿ ಹಿಡಿದ. ಬೆಳ್ಳಗಿನ, ಸಣ್ಣ, ವಯಸ್ಸಾದ ಕತ್ತು. ಅಲ್ಲಿ ಏನೂ ಇರಲಿಲ್ಲ.

ಆಗ ವಾರಿಜಾ ಎದ್ದಳು. ಕ್ಯಾಮೆರಾದಿಂದ ಲೆನ್ಸನ್ನು ತಿರುಗಿಸಿ ಬಿಡಿಸಿ, ಹಳದಿ ಬಟ್ಟೆಯಲ್ಲಿ ಸುತ್ತಿ, ಅವನ ಮುಂದೆ ಮೇಜಿನ ಮೇಲಿಟ್ಟಳು. ನಂತರ ನನ್ನ ಹತ್ತಿರ ಬಂದು ಕ್ಯಾಮೆರಾದ ಬೆನ್ನನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಎಲ್ಲವನ್ನೂ ಅಳಿಸಲೇ ಎಂದು ಅದು ಕೇಳುತ್ತಿತ್ತು. ನಾನು ಅದನ್ನು ಓದುವ ತನಕ ಕಾದಳು. ಆಮೇಲೆ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಐದು ತಿಂಗಳ ಕೆರೆ, ಮೋಸಂಬಿ, ಗೋಡೆಯ ನೆರಳು, ಆ ಫೋಲ್ಡರ್, ಎಲ್ಲ ಒಂದು ಕ್ಷಣದಲ್ಲಿ ಹೋದವು. ಪರದೆಯ ಮೇಲೆ ‘ಚಿತ್ರಗಳಿಲ್ಲ’ ಎಂದು ಬಂತು.

“ನಡೀರಿ ಮನೆಗೆ,” ಎಂದಳು.

ಮುಂದಿನ ಹತ್ತು ದಿನ ಹೇಗೆ ಕಳೆದವೆಂದು ವಿವರಿಸಲಾರೆ. ಅವಳು ಅಡುಗೆ ಮಾಡಿದಳು, ಬಟ್ಟೆ ಮಡಚಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ನಾನೂ ಆ ಒಂದನ್ನು ಬಿಟ್ಟು ಬೇರೆಲ್ಲ ಕೇಳಿದೆ. ಅವನಲ್ಲ ಎಂದರೆ ಇನ್ನು ಯಾರು? ಅವನೇ ಎಂದುಕೊಂಡಿದ್ದಾಗ ನನ್ನ ಹೊಟ್ಟೆಕಿಚ್ಚಿಗೆ ಒಂದು ಮುಖವಾದರೂ ಇತ್ತು. ಈಗ ಅದೂ ಇಲ್ಲದೆ, ಎದುರಿಗೆ ಬಂದ ಪ್ರತಿಯೊಬ್ಬನ ಮೇಲೂ ಹೋಗಿ ಕೂರುತ್ತಿತ್ತು. ಊರಿನಲ್ಲಿ ಮಾತು ಹಬ್ಬಿತ್ತು. ಲೈಬ್ರರಿಯ ಸಮಿತಿಯವರು ಮಹಡಿಯ ಕೋಣೆಯನ್ನು ಇನ್ನು ಕೊಡುವುದಿಲ್ಲವೆಂದು ಧರಣೇಂದ್ರನಿಗೆ ತಿಳಿಸಿದರೆಂದು ಗೊತ್ತಾಯಿತು. ನಾಚಿಕೆಯ ಜೊತೆಗೇ ಒಂದು ಕೊಳಕು ತೃಪ್ತಿಯೂ ಆಯಿತು.

ಹನ್ನೊಂದನೆಯ ದಿನ ಭಾನುವಾರ. ಬೆಳಿಗ್ಗೆ ಕ್ಷೌರಕ್ಕೆ ಹೋದೆ. ನಂಜುಂಡಿಯ ಅಂಗಡಿಗೆ ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೆ. ಅವನು ಕತ್ತರಿಸಿ ಮುಗಿಸಿ, ಕತ್ತಿಗೆ ಪೌಡರ್ ಹಚ್ಚಿ, ಎಂದಿನಂತೆ ಕೈಗನ್ನಡಿ ತೆಗೆದು ನನ್ನ ತಲೆಯ ಹಿಂದೆ ಹಿಡಿದ. ಎಂದಿನಂತೆ “ಸರಿಯಾಗಿದ್ಯಾ ಸಾರ್?” ಎಂದ. ಇಪ್ಪತ್ತು ವರ್ಷ ಅಲ್ಲಿ ನೋಡದೆಯೇ ತಲೆಯಾಡಿಸಿದ್ದೆ. ಆ ದಿನ ಕಣ್ಣು ತಾನಾಗಿ ಹೋಯಿತು. ಕತ್ತು ಕಂಡರೆ ನೋಡುವುದು ಅಷ್ಟು ಚಟವಾಗಿತ್ತು.

ಎದುರಿನ ಕನ್ನಡಿಯೊಳಗಿನ ಕನ್ನಡಿಯಲ್ಲಿ ಒಬ್ಬ ಗಂಡಸಿನ ಕತ್ತು. ಕೂದಲು ಮುಗಿಯುವ ಕಡೆ ಬಲಗಡೆಗೆ ಕಡಲೆಬೇಳೆಯಷ್ಟು ಗಾತ್ರದ ಮಚ್ಚೆ.

“ನಂಜುಂಡಿ,” ಅಂದೆ. “ಇದು... ಇದು ಯಾವಾಗಿನಿಂದ ಇದೆ?”

“ಯಾವ್ದು ಸಾರ್? ಮಚ್ಚೇನಾ?” ಅವನು ನಕ್ಕ. “ನೀವು ಮೊದಲ ಸಲ ಬಂದಾಗಿಂದ ಇದೆ. ಅದಕ್ಕೆ ತಾಗದ ಹಾಗೆ ಕತ್ತಿ ಆಡಿಸೋದೇ ನನ್ನ ಕೆಲಸ. ನಿಮಗೆ ಗೊತ್ತೇ ಇರ್ಲಿಲ್ವಾ?”

ಮನೆಗೆ ನಡೆದೇ ಬಂದೆ. ಬೈಕು ಅಂಗಡಿಯ ಮುಂದೆಯೇ ಉಳಿಯಿತು. ವಾರಿಜಾ ತರಕಾರಿಯಿಂದ ಇನ್ನೂ ಬಂದಿರಲಿಲ್ಲ. ಬೀರು ತೆರೆದು ಕ್ಯಾಮೆರಾ ತೆಗೆದು, ನನ್ನ ಜೀವನದಲ್ಲಿ ಮೊದಲ ಬಾರಿಗೆ, ಬೀರುವಿನ ಬಾಗಿಲಿಗೇ ಹಿಡಿದು ಗುಂಡಿ ಒತ್ತಿದೆ. ಚಿತ್ರ ಬಂತು. ಅದರ ಜಾತಕ ತೆಗೆದೆ. ಅಂದು ಭಾನುವಾರ, ಕ್ಯಾಮೆರಾ ಬುಧವಾರ ಎಂದಿತು. ಅದರ ಪಂಚಾಂಗ ನಾಲ್ಕು ದಿನ ಹಿಂದೆ ಇತ್ತು. ಆರು ತಿಂಗಳು ಬ್ಯಾಟರಿಯಿಲ್ಲದೆ ಬಿದ್ದಿದ್ದ ಯಂತ್ರಕ್ಕೆ ಯಾರೋ ಅಂದಾಜಿನಲ್ಲಿ ದಿನ ತುಂಬಿಸಿದ್ದರು. ಶನಿವಾರದ ಕೆರೆ ಮಂಗಳವಾರವಾಗಿತ್ತು, ಬುಧವಾರದ ಮೋಸಂಬಿ ಶನಿವಾರಕ್ಕೆ ಹೋಗಿತ್ತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪರದೆ ಎಳೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ಬುಧವಾರದ ಕಳ್ಳನಾಗಿದ್ದ. ತಕ್ಕಡಿಯನ್ನು ಪರೀಕ್ಷಿಸದೆ ತೂಕವನ್ನು ನಂಬಬಾರದೆಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದವನು.

ವಾರಿಜಾ ಬಂದಾಗ ನಾನು ಅಡುಗೆಮನೆಯ ಹೊಸಿಲ ಹತ್ತಿರ ನಿಂತಿದ್ದೆ. ಚೀಲ ಇಳಿಸಿ ನನ್ನ ಮುಖ ನೋಡಿದಳು.

“ಅದು ನಾನೇ,” ಅಂದೆ.

“ಹೌದು.”

“ಯಾಕೆ ಹೇಳಲಿಲ್ಲ ವಾರಿಜಾ? ಅಲ್ಲೇ ಒಂದು ಮಾತು ಹೇಳಿದ್ದಿದ್ರೆ...”

“ನೀವು ನನ್ನನ್ನ ಕೇಳ್ಲಿಲ್ಲ. ಮೇಷ್ಟ್ರನ್ನ ಕೇಳಿದ್ರಿ.”

ಚೀಲದಿಂದ ಬದನೆಕಾಯಿ ತೆಗೆದು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದಳು. ನನ್ನ ಕಡೆ ನೋಡದೆಯೇ ಹೇಳಿದಳು:

“ಲೈಬ್ರರಿಯಲ್ಲಿ ಪ್ರದರ್ಶನ ಇತ್ತು. ಒಬ್ಬೊಬ್ಬರೂ ಆರಾರು ಚಿತ್ರ ಕೊಡ್ಬೇಕಿತ್ತು. ನಿಮ್ಮನ್ನೇ ತೆಗೀಬೇಕು ಅಂತ ನನಗೆ ಆಸೆ. ಆದರೆ ಎಚ್ಚರ ಇದ್ದಾಗ ನಿಮ್ಮ ಮುಖ ಯಾವಾಗ್ಲೂ ಏನನ್ನೋ ತೂಗ್ತಾ ಇರುತ್ತೆ. ನಿದ್ದೆ ಬಂದ ಮೇಲೇನೇ ಅದು ಬಿಡೋದು. ಆಗ ನಾನು ಮದುವೆ ಆದವರು ಕಾಣ್ತಾರೆ. ಅವರನ್ನ ಹಿಡಿಯೋಣ ಅಂದ್ಕೊಂಡೆ. ಎಚ್ಚರ ಆಗಿಬಿಡುತ್ತೇನೋ ಅಂತ ಉಸಿರು ಬಿಗಿಹಿಡಿದು ನಿಂತಿರ್ತಿದ್ದೆ.”

ನಾನು ಕ್ಷಮೆ ಕೇಳಿದೆ. ಅವಳು “ಆಯ್ತು ಬಿಡಿ” ಅಂದಳು. ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದು ಇಳಿಯುವುದನ್ನು ಕಾಯಬಹುದಿತ್ತು.

ಅದೇ ವಾರ ಧರಣೇಂದ್ರನ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಯ ಮೇಲೆ ಒಂದೂ ಚಿತ್ರವಿರಲಿಲ್ಲ. ನಾನು ತಡವರಿಸುತ್ತಾ ಹೇಳಿದ್ದನ್ನೆಲ್ಲ ಕೇಳಿ, ಮಜ್ಜಿಗೆ ತಂದುಕೊಟ್ಟ.

“ದಿನಾಂಕ ತಪ್ಪಿದೆ ಅಂತ ಮೊದಲ ದಿನವೇ ಅವರಿಗೆ ಹೇಳಿದ್ದೆ,” ಎಂದ. “ಅದರಿಂದ ಚಿತ್ರಕ್ಕೆ ಏನಾಗುತ್ತೆ ಅಂತ ನಕ್ಕು ಸುಮ್ಮನಾದ್ರು. ಸರ್, ಒಂದು ಕೇಳಲಾ? ನೀವು ಆ ಫೋಲ್ಡರ್ ಪೂರ್ತಿ ನೋಡಲೇ ಇಲ್ವಾ?”

“ಐದು ನೋಡಿದೆ. ಅಲ್ಲಿಗೇ ನಿಲ್ಲಿಸಿದೆ.”

ಅವನು ನನ್ನ ಲೋಟ ತೆಗೆದು ಪಕ್ಕಕ್ಕಿಟ್ಟ. ಆಮೇಲೆ, ಹೇಳುವುದೋ ಬೇಡವೋ ಎಂಬಂತೆ ಹೇಳಿದ:

“ಆರನೆಯದರಲ್ಲಿ ನೀವು ಮಗ್ಗುಲು ತಿರುಗಿದ್ರಿ, ನಿಮ್ಮ ಮುಖ ಇತ್ತು. ನೀವು ಬಂದ ಹಿಂದಿನ ದಿನ, ಮಂಗಳವಾರ, ಅವರು ತಂದು ತೋರಿಸಿದ್ರು. ನಾನು ಮೂವತ್ತು ವರ್ಷ ಈ ಕೆಲಸ ಮಾಡಿದೀನಿ. ಮಲಗಿರೋ ಮನುಷ್ಯನನ್ನ ಹಾಗೆ ನೋಡಿ ತೆಗೆದ ಚಿತ್ರ ನನ್ನ ಕೈಯಲ್ಲಿ ಒಂದೂ ಆಗಿಲ್ಲ. ಅದಕ್ಕೇ ಆ ದಿನ ನೀವು ಮೆಟ್ಟಿಲು ಹತ್ತಿ ಬಂದ ತಕ್ಷಣ ನಿಮ್ಮ ಗುರುತು ಸಿಕ್ತು.”

“ಅದರ ಪ್ರತಿ...”

“ಇಲ್ಲ ಸರ್. ಕ್ಯಾಮೆರಾದಲ್ಲಿ ಬಿಟ್ರೆ ಎಲ್ಲೂ ಇರ್ಲಿಲ್ಲ.”

ಲೈಬ್ರರಿಯ ಸಮಿತಿಗೆ ನಾನೇ ಪತ್ರ ಬರೆದೆ, ತಪ್ಪು ನನ್ನದೆಂದು. ಕೋಣೆ ಮತ್ತೆ ಸಿಗಲಿಲ್ಲ. ತರಗತಿ ಒಂದು ಪ್ರಾಥಮಿಕ ಶಾಲೆಯ ಜಗುಲಿಯಲ್ಲಿ ಮುಂದುವರಿಯಿತು. ಎರಡು ತಿಂಗಳ ನಂತರ ಒಂದು ಬುಧವಾರ ವಾರಿಜಾ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಳು. ಹೋಗ್ಲಾ ಎಂದು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಸಮಾಧಾನವನ್ನೇ ತಂದಿತು.

ಮುಂದಿನ ವರ್ಷಗಳಲ್ಲಿ ಅವಳು ಒಳ್ಳೆಯ ಛಾಯಾಗ್ರಾಹಕಿ ಎಂದು ಹೆಸರು ಮಾಡಿದಳು. ಮಗ್ಗದ ಹೆಂಗಸರನ್ನು ತೆಗೆದಳು, ಮೀನು ಮಾರುವವರನ್ನು, ಶಾಲೆಯ ಮಕ್ಕಳನ್ನು, ನನ್ನ ಆಫೀಸಿನ ಜವಾನನನ್ನೂ ತೆಗೆದಳು. ಎಲ್ಲರನ್ನೂ ಅದೇ ಕಾಳಜಿಯಿಂದ ನೋಡುತ್ತಿದ್ದಳು. ನಾನು ಅವಳ ಎಲ್ಲ ಪ್ರದರ್ಶನಗಳಿಗೂ ಹೋದೆ. ಪ್ರತಿ ಚಿತ್ರದ ಮುಂದೆ ನಿಂತು, ಅಂಕಿಗಳನ್ನು ಊಹಿಸದೆ ನೋಡುವುದನ್ನು ತಡವಾಗಿ ಕಲಿತೆ. ಆ ಕ್ಯಾಮೆರಾ ನನ್ನ ಕಡೆ ಮತ್ತೆ ತಿರುಗಲಿಲ್ಲ. ತಿರುಗಿಸು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಗೋಡೆಯ ಮೇಲಿದ್ದ ಆ ಅಪರಿಚಿತ ಮುಖಗಳ ಮೇಲೆಲ್ಲ, ಮೀನಿನವನ ಮೇಲೂ, ಜವಾನನ ಮೇಲೂ, ನನಗೆ ಹೊಟ್ಟೆಕಿಚ್ಚಿತ್ತು. ಅದು ಈಗ ಯಾರಿಗೂ ತೊಂದರೆ ಕೊಡದ, ನನ್ನ ಪಾಡಿಗೆ ನಾನು ಅನುಭವಿಸುವ ಹೊಟ್ಟೆಕಿಚ್ಚು.

ನಾನು ನಿವೃತ್ತನಾದ ವರ್ಷ, ಒಂದು ಬೆಳಿಗ್ಗೆ, ಎದುರು ಮನೆಯ ತುಂಗಜ್ಜಿಯನ್ನು ವಾರಿಜಾ ನಮ್ಮ ಜಗುಲಿಯಲ್ಲಿ ಕೂರಿಸಿಕೊಂಡಿದ್ದಳು. ಅಜ್ಜಿಗೆ ತೊಂಬತ್ತು ತುಂಬಿತ್ತು. ಹೊಸ ಸೀರೆ ಉಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿನಲ್ಲಿ ಹೊಸೆಯುತ್ತಿದ್ದಳು. ನಾನು ಪೇಪರು ಹಿಡಿದುಕೊಂಡು ಹೊರಗೆ ಬಂದು, ಕಂಬಕ್ಕೆ ಒರಗಿ ನೋಡುತ್ತಾ ನಿಂತೆ. ವಾರಿಜಾ ಮಂಡಿಯೂರಿ ಕೂತು, ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿದ್ದಳು.

“ಸ್ವಲ್ಪ ಸರೀರಿ,” ಎಂದಳು, ಕಣ್ಣು ತೆಗೆಯದೆ. “ಬೆಳಕಿಗೆ ಅಡ್ಡ ನಿಂತಿದೀರಿ.”

ಯಾರಿಗಾದರೂ ಹೇಳುವಂಥ ದನಿ, ಅಷ್ಟೇ. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ನಾನು ನಿಂತಿದ್ದ ಕಡೆಯಿಂದ ಎಳೆಬಿಸಿಲು ಒಳಗೆ ಬಂದು, ಅಜ್ಜಿಯ ಮಡಿಲಿನ ಮೇಲೆ ಬಿತ್ತು. ಬೆಚ್ಚಗಾದದ್ದು ತಿಳಿದು ಅವಳ ಕೈಗಳು ಹೊಸೆಯುವುದನ್ನು ಬಿಟ್ಟು, ಅಂಗೈ ಮೇಲಾಗಿ, ಮೆಲ್ಲಗೆ ತೆರೆದುಕೊಂಡವು.